ಬೆನ್ನ ಮೇಲಣ ಮನೆ

ಅಮೆರಿಕ ದೇಶದ ನೈಋತ್ಯ ಮೂಲೆಯಲ್ಲಿರುವ ಅರಿಜೋನಾ ಸಂಸ್ಥಾನಕ್ಕೆ ಕಳೆದ ಚಳಿಗಾಲದಲ್ಲಿ ನಾವು ಹೋಗಿದ್ದೆವು. ಅಲ್ಲಿ ಫೀನಿಕ್ಸ್ ಮಹಾನಗರಕ್ಕೆ ಸೇರಿದಂತೆ ಆಗ್ನೇಯ ದಿಕ್ಕಿನಲ್ಲಿ ಚಾಂಡ್ಲರ್ ಎಂಬ ಪಟ್ಟಣವುಂಟು. ಗಣಕಯಂತ್ರಗಳ ಸೂಕ್ಷ್ಮವಾದ ಅಂಗಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಗಳು ಅಲ್ಲಿರುವುದರಿಂದ ನಮ್ಮ ದೇಶದವರು ಅನೇಕರು ಅಲ್ಲಿ ಸಂಸಾರ ಹೂಡಿದ್ದಾರೆ. ನಮ್ಮ ಮಗಳೂ ಅಳಿಯಂದಿರೂ ಇರುವುದು ಅಲ್ಲಿಯೇ. ವಿಮಾನದಿಂದಿಳಿದು ಅವರ ಮನೆಯ ಮುಂದಕ್ಕೆ ಬರುತ್ತಲೆ ನಮ್ಮ ಕಣ್ಣಿಗೆ ಬಿದ್ದುದು, ಮನೆಯ ಪಕ್ಕದ ಬಯಲಿನಲ್ಲಿ ನಾಲ್ಕು ಕಬ್ಬಿಣದ ಕಾಲುಗಳನ್ನೂರಿಕೊಂಡು, ನೆಲದಿಂದ ಎದೆಯೆತ್ತರಕ್ಕೆ ಎದ್ದು ನಿಂತಿದ್ದ ಒಂದು ಬಿಳಿಯ ಪೆಟ್ಟಿಗೆ. ಅದಕ್ಕೆ ಬಾಗಿಲಿತ್ತು, ಕಿಟಕಿಗಳಿದ್ದುವು, ಕಿಟಕಿಗೆ ಹೂವಿನ ಪರದೆಯೂ ಇತ್ತು. ಚಕ್ರ ಮಾತ್ರ ಒಂದೂ ಇರಲಿಲ್ಲ.

“ಇದಕ್ಕೆ ಗಾಲಿಗಳೆಲ್ಲಿ?” ಎಂದು ನಾವು ಕೇಳಿದೆವು.

“ಗಾಲಿ ಇನ್ನೂ ಕೊಂಡಿಲ್ಲ ಮಾವ. ಅದನ್ನೇ ಹುಡುಕುತ್ತಾ ಇದ್ದೇವೆ” ಎಂದು ಅಳಿಯಂದಿರು ನಕ್ಕರು.

ವಾಚಕರಲ್ಲಿ ಕೆಲವರಿಗೆ ಈ ಪದಾರ್ಥದ ಪರಿಚಯವಿರಲಾರದು. ನಮ್ಮಲ್ಲಿ ತರಕಾರಿಯನ್ನೂ ಹಾಲಿನ ಡಬ್ಬಗಳನ್ನೂ ಸಾಗಿಸುವ ಪಿಕಪ್ ಗಾಡಿಯನ್ನು ಎಲ್ಲರೂ ಬಲ್ಲರು. ಅಮೆರಿಕದಲ್ಲಿ ಪಿಕಪ್ ಟ್ರಕ್ಕು ಗೃಹಸ್ಥರ ವಾಹನವೂ ಅಹುದು. ಮುಂದೆ ಐದಾರು ಜನ ಕೂರುವ ಕೋಣೆ, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ಆ ತೊಟ್ಟಿಯೊಳಕ್ಕೆ ಕೂರಿಸುವ ಪುಟ್ಟ ಮನೆಗೆ ಕ್ಯಾಂಪರ್ ಎಂದು ಹೆಸರು. ಒಳಗೆ ಒಲೆ, ಶೀತಪೆಟ್ಟಿಗೆ, ನೀರಿನ ತೊಟ್ಟಿ, ಊಟದ ಮೇಜು. ಚಾಲಕನ ತಲೆಯ ಮೇಲಕ್ಕೆ ಚಾಚಿಕೊಂಡ ಅಟ್ಟದಲ್ಲಿ ಹಾಸಿಗೆ. ಕಾಲುಗಳನ್ನು ತಿರುಪಿ ಮನೆಯನ್ನು ಮೇಲಕ್ಕೆತ್ತಿ, ಟ್ರಕ್ಕನ್ನು ಹಿಂದಕ್ಕೆ ನಡೆಸಿ ಅದರಡಿಗೆ ತಂದು, ಮನೆಯನ್ನು ಮೆಲ್ಲಗೆ ಇಳಿಸಿ ನಾಲ್ಕು ಕಡೆಯೂ ಬಿಗಿದುಬಿಟ್ಟರೆ ಆಯಿತು. ಆಮೆಯಂತೆ ಮನೆಯನ್ನು ಬೆನ್ನ ಮೇಲೆ ಹೊತ್ತು ಎಲ್ಲಿಗೆ ಬೇಕಾದರೂ ಹೊರಡಬಹುದು. ಜಾನ್ ಸ್ಟೈನ್‌ಬೆಕ್ ಎಂಬ ಪ್ರಸಿದ್ಧ ಗ್ರಂಥಕರ್ತನು ೧೯೬೦ರಲ್ಲಿ ಇಂತಹ ಒಂದು ವಾಹನದಲ್ಲಿ ತನ್ನ ನಾಯಿಯೊಡನೆ ದೇಶವನ್ನೆಲ್ಲ ಸುತ್ತಿ, ೧೯೬೨ರಲ್ಲಿ ಆ ಪ್ರವಾಸದ ಪುಸ್ತಕವನ್ನು ಪ್ರಕಟಿಸಿದನು. ಡಾನ್ ಕ್ವಿಕ್ಸೋಟನ ಕುದುರೆಯ ಹೆಸರಾದ ರೋಸಿನಾಂಟೆ ಎಂಬುದನ್ನೇ ಅವನು ತನ್ನ ಗಾಡಿಗೆ ಇಟ್ಟಿದ್ದನಂತೆ. ಆ ಗಾಡಿಯನ್ನು ಕ್ಯಾಲಿಫೋರ್ನಿಯದ ಸಲೀನಾಸ್ ಪಟ್ಟಣದಲ್ಲಿರುವ ಅವನ ಸ್ಮಾರಕ ಮಂದಿರದಲ್ಲಿ ಇಟ್ಟಿದ್ದಾರೆ.

ಅಳಿಯಂದಿರ ನೆರೆಯಲ್ಲಿದ್ದ ವೃದ್ಧ ದಂಪತಿಗಳು, ಇನ್ನು ನಮಗೆ ಅಲೆಯಲಾಗದು ಎಂದು ತಮ್ಮ ಕ್ಯಾಂಪರನ್ನು ಇವರಿಗೆ ಅಲ್ಪ ಬೆಲೆಗೆ ಕೊಟ್ಟು ಹೋಗಿದ್ದರು. ಮನೆ ಮೊದಲು ಸಿಕ್ಕಿತು, ಹೊರುವ ಪ್ರಾಣಿ ಆಮೇಲೆ ಸಿಕ್ಕಬೇಕಾಗಿತ್ತು. ಹೊಸ ಟ್ರಕ್ಕಿನ ಬೆಲೆ ಇವರ ಶಕ್ತಿಗೆ ಮೀರಿದ್ದರಿಂದ ಯಾರಾದರೂ ಬಳಸಿ ಬಿಟ್ಟುದನ್ನೇ ಕೊಳ್ಳತಕ್ಕದ್ದೆಂದು ನಿರ್ಧಾರವಾಗಿತ್ತು. ನಾವು ಅಲ್ಲಿರುವಾಗಲೇ ಕೊಂಡು, ನಮ್ಮಿಬ್ಬರನ್ನೂ ಕೂರಿಸಿಕೊಂಡು ಮರುಭೂಮಿಯ ಯಾತ್ರೆ ಮಾಡಿಸಬೇಕೆಂಬುದು ಮಗಳ ಹಟ. ಎಂಟು ವರ್ಷದ ಮೊಮ್ಮಗಳಂತೂ ಅಟ್ಟದ ಹಾಸಿಗೆಯಲ್ಲಿ ತನ್ನ ಗೊಂಬೆಗಳಿಗೆ ಆಗಲೇ ಸ್ಥಳವನ್ನು ಹಂಚಿಬಿಟ್ಟಿದ್ದಳು.

ಮೊದಲನೆಯ ಶನಿವಾರ ಹಳೆಯ ವಾಹನಗಳ ಒಬ್ಬ ವರ್ತಕನಲ್ಲಿಗೆ ಹೋದೆವು. ಊರಹೊರಗಿನ ಸಂತೆಯ ಮಾಳದಂತಹ ಬಯಲು, ಬಣ್ಣಬಣ್ಣದ ಬಾವುಟಗಳು, ಸಾಲಾಗಿ ನಿಂತ ಟ್ರಕ್ಕುಗಳು. ದೂರದಲ್ಲಿ ಉತ್ತರಕ್ಕೆ, ಮಲಗಿದ ಒಂಟೆಯ ಆಕಾರದಲ್ಲಿರುವುದರಿಂದ ಒಂಟೆಬೆನ್ನಿನ ಬೆಟ್ಟವೆಂದೇ ಇಂಗ್ಲಿಷಿನಲ್ಲಿ ಕರೆಯಿಸಿಕೊಳ್ಳುವ ಕೆಂಪು ಗುಡ್ಡ ಕಾಣುತ್ತಿತ್ತು. ಅಳಿಯಂದಿರಿಗೆ ಒಂದು ಕಡುನೀಲಿಯ ಗಾಡಿ ಹಿಡಿಸಿತು. ಹೊಳಪು ಕನ್ನಡಿಯಂತಿತ್ತು, ಒಳಗಿನ ಆಸನಗಳು ಚರ್ಮದವು, ಬೆಲೆಯೂ ಕೈಗೆಟಕುವಂತಿತ್ತು. “ಕ್ಯಾಂಪರೆ? ಧಾರಾಳವಾಗಿ ಹೊರುತ್ತದೆ” ಎಂದು ವರ್ತಕನು ಅದರ ಬೆನ್ನು ತಟ್ಟಿದನು. ನಮ್ಮ ಸೀಮೆಯ ಜಾತ್ರೆಗಳಲ್ಲಿ ದಲ್ಲಾಳಿಗಳು ಎತ್ತಿನ ಬೆನ್ನು ತಟ್ಟುವ ರೀತಿಯೇ ಅದು; ಸಮುದ್ರಗಳನ್ನು ದಾಟಿದರೂ ಆ ಕೈಯ ಮಾಟ ಬದಲಾಗಿರಲಿಲ್ಲ.

ಇಲ್ಲಿ ಟ್ರಕ್ಕುಗಳನ್ನು ಅರ್ಧ ಟನ್ನಿನದು, ಮುಕ್ಕಾಲು ಟನ್ನಿನದು, ಒಂದು ಟನ್ನಿನದು ಎಂದು ಮೂರು ವರ್ಗ ಮಾಡುತ್ತಾರೆ. ಫೋರ್ಡ್ ಕಂಪೆನಿಯವರದಾದರೆ ಎಫ್ ೧೫೦, ೨೫೦, ೩೫೦ ಎಂದೂ, ಷೆವರ್‌ಲೆ ಮತ್ತು ರ‍್ಯಾಮ್ ಗಾಡಿಗಳಾದರೆ ೧೫೦೦, ೨೫೦೦, ೩೫೦೦ ಎಂದೂ ಸಂಖ್ಯೆಗಳಿಂದ ಗುರುತಿಸುವುದು ರೂಢಿ. ಇವರ ಟನ್ನು ೨೦೦೦ ಪೌಂಡುಗಳದು. ಆದರೆ ಈ ಹೆಸರುಗಳು ಹಿಂದಿನ ಕಾಲದಿಂದ ಉಳಿದು ಬಂದುವೇ ಹೊರತು, ಅರ್ಧ ಟನ್ನಿನದು ಈಗ ಅರ್ಧ ಟನ್ನನ್ನೇ ಹೊರುವುದೆಂದು ಅರ್ಥವಲ್ಲ. ನಿಜವಾದ ಅಂಕೆ ಇರುವುದು ಬೇರೊಂದು ಸ್ಥಳದಲ್ಲಿ. ಚಾಲಕನ ಬಾಗಿಲನ್ನು ತೆರೆದರೆ ಕಂಬದ ಮೇಲೆ ಅಂಗೈಯಗಲದ ಒಂದು ಚೀಟಿ ಅಂಟಿಸಿರುತ್ತದೆ. ಜನರೂ ಸಾಮಾನೂ ಕೂಡಿ ಇಷ್ಟು ತೂಕವನ್ನು ಎಂದೂ ಮೀರತಕ್ಕದ್ದಲ್ಲ ಎಂದು ತಯಾರಿಸಿದವರೇ ಅದರಲ್ಲಿ ಮುದ್ರಿಸಿರುತ್ತಾರೆ. ಒಂದೇ ಹೆಸರಿನ, ಒಂದೇ ವರ್ಷದ ಎರಡು ಗಾಡಿಗಳಲ್ಲಿಯೂ ಈ ಅಂಕೆ ಬೇರೆಬೇರೆಯಾಗಿರುವುದುಂಟು. ಏಕೆಂದರೆ ಚರ್ಮದ ಆಸನ, ನಾಲ್ಕು ಗಾಲಿಗಳನ್ನೂ ತಿರುಗಿಸುವ ಯಂತ್ರ, ಗಾಜಿನ ಚಾವಣಿ ಮುಂತಾದ ಅಲಂಕಾರಗಳೆಲ್ಲ ಹೊರುವ ಶಕ್ತಿಯಲ್ಲಿಯೇ ಕಳೆಯುತ್ತವೆ. ನೀಲಿ ಗಾಡಿಯ ಚೀಟಿಯಲ್ಲಿ ೧೫೪೦ ಪೌಂಡು ಎಂದಿತ್ತು. ನಮ್ಮ ಲೆಕ್ಕದಲ್ಲಿ ಏಳು ಕ್ವಿಂಟಲು. ಕ್ಯಾಂಪರಿನ ಕೈಪಿಡಿಯಲ್ಲಿ ಬರೆದಿದ್ದ ಬರಿಯ ತೂಕವೇ ೧೭೦೦ ಪೌಂಡು.

“ಹಿಂದೆ ಎರಡು ಸ್ಪ್ರಿಂಗು ಸೇರಿಸಿದರೆ ಸರಿಹೋಗುತ್ತದೆ” ಎಂದು ವರ್ತಕನು ಹೇಳಿದನು. ಸ್ಪ್ರಿಂಗನ್ನೊ ಗಾಳಿಚೀಲವನ್ನೊ ಹಾಕಿಸಿದರೆ ಗಾಡಿಯ ಹಿಂಭಾಗ ಕುಸಿಯದೆ ನೆಟ್ಟಗೆ ನಿಲ್ಲುತ್ತದೆ, ನಿಜ. ಬ್ರೇಕು ಬಲಿಯುವುದಿಲ್ಲ, ಅಚ್ಚು ದಪ್ಪವಾಗುವುದಿಲ್ಲ, ಚೀಟಿಯ ಅಂಕೆ ಒಂದು ಪೌಂಡೂ ಏರುವುದಿಲ್ಲ. ಅಳಿಯಂದಿರು ನೀಲಿ ಬಣ್ಣವನ್ನು ಇನ್ನೊಮ್ಮೆ ತಿರುಗಿ ನೋಡಿ ಹೊರಟರು.

ಅಚ್ಚಿನ ಮಾತು ಬಂದುದರಿಂದ ಇಲ್ಲಿ ಒಂದು ಸಂಗತಿ. ಸಂಸ್ಕೃತದ ಅಕ್ಷ ಶಬ್ದವೂ ಇಂಗ್ಲಿಷರ ಆಕ್ಸಲ್ ಎಂಬುದೂ ಒಂದೇ ಕುಲದ ದಾಯಾದಿಗಳು. ಯುಗವೆಂದರೆ ನೊಗ, ಅದೂ ಅವರ ಯೋಕ್ ಎಂಬುದೂ ಹಾಗೆಯೇ. ಪಾಠಶಾಲೆಯ ಅಭ್ಯಾಸ ಬಿಡದೆ ಇದನ್ನು ನಾವು ಹೇಳಿದಾಗ ಮೊಮ್ಮಗಳು ಆಕಳಿಸಿದಳು.

ಆ ರಾತ್ರಿ ಊಟವಾದ ಮೇಲೆ ಅಳಿಯಂದಿರಿಗೆ ನಮ್ಮ ಬಾಲ್ಯದ ಒಂದು ವೃತ್ತಾಂತವನ್ನು ಹೇಳಿದೆವು. ನಮ್ಮದು ಹಾಸನದ ಸೀಮೆ. ತೀರ್ಥರೂಪರು ಗಾಡಿಯಲ್ಲಿ ಭತ್ತದ ಮೂಟೆಗಳನ್ನು ಗಿರಣಿಗೆ ಸಾಗಿಸುವಾಗ ನಾವೂ ಜೊತೆಗೆ ಹೋಗುತ್ತಿದ್ದೆವು. ಎರಡು ಗಾಲಿಯ ಗಾಡಿಗೆ ಹೇರುವುದೇ ಒಂದು ವಿದ್ಯೆ. ಮೂಟೆಗಳು ಅಚ್ಚಿನಿಂದ ಮುಂದಕ್ಕೆ ಹೆಚ್ಚಾದರೆ ಮುಂಭಾರ. ಎತ್ತಿನ ಹೆಗಲು ಇಳಿದುಹೋಗುತ್ತದೆ. ಹಿಂದಕ್ಕೆ ಹೆಚ್ಚಾದರೆ ಹಿಂಭಾರ. ಮೂಕಿ ಮೇಲಕ್ಕೆದ್ದು ಕೊರಳ ಪಟ್ಟಿ ಎತ್ತಿನ ಕುತ್ತಿಗೆಯನ್ನು ಬಿಗಿಯುತ್ತದೆ. ಸ್ವಲ್ಪವೇ ಮುಂಭಾರವಿರುವಂತೆ ಹೇರಬೇಕು. ಒಂದು ಸಲ ಒಬ್ಬ ಮಂಡಿಯವನು, ಇನ್ನೆರಡು ಮೂಟೆ ತಾನೆ, ಹಿಂದುಗಡೆ ಜಾಗವಿದೆಯಲ್ಲ ಎಂದು ಒತ್ತಾಯ ಮಾಡಿ ಹೇರಿಸಿದನು. ತೀರ್ಥರೂಪರು ದಾಕ್ಷಿಣ್ಯಕ್ಕೆ ಒಪ್ಪಿದರು. ಕೆರೆಯ ಏರಿಯನ್ನು ಹತ್ತುವಾಗ ನೊಗ ಎದ್ದುಬಿಟ್ಟಿತು. ಮೂಟೆಗಳು ಜಾರಿದುವು, ಎಡಗಡೆಯ ಎತ್ತು ಕೊರಳು ಸಿಕ್ಕಿ ನೇತಾಡಿ ಬಿದ್ದಿತು. ಕುಡುಗೋಲಿನಿಂದ ಪಟ್ಟಿಯನ್ನು ಕೊಯ್ದು ಅದನ್ನು ಬದುಕಿಸಿಕೊಂಡದ್ದಾಯಿತು. ಆದರೆ ಆ ಎತ್ತು ಮತ್ತೆ ನೊಗಕ್ಕೆ ಕೊರಳು ಕೊಡಲಿಲ್ಲ. ಜಾಗವಿದೆ ಎಂಬ ಮಾತನ್ನು ಕೇಳಿದಾಗಲೆಲ್ಲ ನಮಗೆ ಆ ಎತ್ತಿನ ಕಣ್ಣು ನೆನಪಾಗುತ್ತದೆ.

ಅಳಿಯಂದಿರು ಸುಮ್ಮನೆ ಕೇಳಿ, ಒಳಗೆ ಹೋಗಿ ಒಂದು ಪುಸ್ತಕವನ್ನು ತಂದು ತೋರಿಸಿದರು. ಕ್ಯಾಂಪರಿನ ಗೋಡೆಯ ಮೇಲೆ ಅದರ ಗುರುತ್ವಕೇಂದ್ರ ಎಲ್ಲಿದೆಯೆಂದು ಒಂದು ಗುರುತು ಮಾಡಿರುತ್ತಾರೆ. ಟ್ರಕ್ಕಿನ ಮೇಲೆ ಕೂರಿಸಿದಾಗ ಆ ಗುರುತು ಹಿಂದಿನ ಅಚ್ಚಿಗಿಂತ ಕೊಂಚ ಮುಂದೆಯೇ ಬರತಕ್ಕದ್ದು. ಹಿಂದೆ ಬಂದರೆ ಮುಂದಿನ ಗಾಲಿಗಳು ಹಗುರವಾಗಿ ಗಾಡಿ ಹಿಡಿದ ದಾರಿಯಲ್ಲಿ ನಿಲ್ಲುವುದಿಲ್ಲ. ನಮ್ಮ ಗಾಡಿಕಾರರ ಮುಂಭಾರವೇ ಇದು. ಇದಕ್ಕಾಗಿ ತೊಟ್ಟಿಯ ಉದ್ದವನ್ನೂ ನೋಡಬೇಕು. ಐದೂವರೆ ಅಡಿ, ಆರೂವರೆ ಅಡಿ, ಎಂಟು ಅಡಿ ಎಂದು ಮೂರು ಬಗೆ ಹೆಚ್ಚಾಗಿ ಸಿಕ್ಕುತ್ತವೆ. ಈ ಕ್ಯಾಂಪರು ಎಂಟು ಅಡಿಯ ತೊಟ್ಟಿಗೆಂದು ಮಾಡಿದ್ದು. ಗಿಡ್ಡ ತೊಟ್ಟಿಯಲ್ಲಿ ಕೂರಿಸಿದರೆ ಹಿಂಭಾರ ತಪ್ಪಿದ್ದಲ್ಲ.

ಮರುದಿನ ಬೆಳಗ್ಗೆ ಮೇಜಿನ ಮೇಲೆ ಕಾಗದ ಹರಡಿಕೊಂಡು ತೂಕದ ಪಟ್ಟಿ ಮಾಡಲು ಕುಳಿತರು. ಕ್ಯಾಂಪರಿನ ಬರಿಯ ತೂಕ ೧೭೦೦. ಹಿಂದಿನವರು ಸೇರಿಸಿದ್ದ ತಂಪು ಮಾಡುವ ಯಂತ್ರ, ನೆರಳಿನ ಬಟ್ಟೆ ಇವಕ್ಕೆ ೧೫೦. ನೀರು ಮೂವತ್ತು ಗ್ಯಾಲನು; ಗ್ಯಾಲನಿಗೆ ಎಂಟೂಕಾಲು ಪೌಂಡಿಗಿಂತ ತುಸು ಹೆಚ್ಚು, ಅಲ್ಲಿಗೆ ೨೫೦. ಅಡಿಗೆ ಅನಿಲ ಸಿಲಿಂಡರುಗಳ ಸಮೇತ ೭೫, ಬ್ಯಾಟರಿ ೬೦. ಪಾತ್ರೆ, ಬಟ್ಟೆ, ಹೊದಿಕೆ, ದಿನಸಿ ಎಲ್ಲಾ ಸೇರಿ ೩೦೦. ಮೊತ್ತ ೨೫೩೫. ಇನ್ನು ಮನುಷ್ಯರು. ಅಳಿಯಂದಿರು ೧೬೫, ಮಗಳು ೧೩೦, ಮಗು ೫೫ ಎಂದು ಬರೆದರು. ಅಲ್ಲಿಗೆ ಅವರ ಲೇಖನಿ ನಿಂತಿತು. ಅತ್ತೆಯವರ ತೂಕವನ್ನು ಅಳಿಯನು ಕೇಳುವುದುಂಟೆ! ಮಗಳು ಅಡಿಗೆಮನೆಯೊಳಗಿಂದಲೇ, “ಅಮ್ಮ ನೂರಿಪ್ಪತ್ತು, ಅಪ್ಪ ನೂರ ನಲವತ್ತು” ಎಂದು ಕೂಗಿ ಹೇಳಿದಳು. ನಮ್ಮ ಮನೆಯವರು ಸೌಟು ಕೈಯಲ್ಲಿ ಹಿಡಿದು, “ಅಕ್ಕಿ ಅಳೆದ ಹಾಗೆ ಅಳೀತೀಯಲ್ಲೇ!” ಎಂದರು. ಜನರದು ೬೧೦; ಒಟ್ಟು ೩೧೪೫ ಪೌಂಡು. ಹದಿನಾಲ್ಕೂಕಾಲು ಕ್ವಿಂಟಲು, ಹದಿನಾಲ್ಕು ಮೂಟೆ ರಾಗಿಯನ್ನು ಒಂದು ಗಾಡಿಯ ಬೆನ್ನ ಮೇಲೆ ಹೇರಿದಂತೆ.

ಎರಡನೆಯ ಗಾಡಿ ಮುಕ್ಕಾಲು ಟನ್ನಿನದು, ಮೆಸಾ ಎಂಬ ನೆರೆಯ ಊರಿನಲ್ಲಿ ಸಿಕ್ಕಿತು. ಅಳಿಯಂದಿರಿಗೆ ಡೀಸೆಲ್ ಯಂತ್ರದ ಮೇಲೆ ಮೊದಲಿಂದಲೂ ಮೋಹ. ಆದರೆ ಡೀಸೆಲ್ ಯಂತ್ರವು ಪೆಟ್ರೋಲಿನದಕ್ಕಿಂತ ನೂರಾರು ಪೌಂಡು ಭಾರ; ಎಳೆಯುವ ಕಸುವು ಹೆಚ್ಚಿದರೂ ಹೊರುವ ಪಾಲು ಕಡಮೆಯಾಗುತ್ತದೆ. ತೇರನ್ನು ಎಳೆಯುವುದು ಬೇರೆ, ಅಡ್ಡೆ ಹೊರುವುದು ಬೇರೆ. ಆದುದರಿಂದ ಪೆಟ್ರೋಲಿನದನ್ನೇ ನೋಡಿದ್ದರು. ತೊಟ್ಟಿ ಎಂಟು ಅಡಿ, ಬೆಲೆ ಹಿತ, ಓಡಿದ್ದೂ ಕಡಮೆ. ಬಾಗಿಲ ಚೀಟಿಯಲ್ಲಿ ೨೯೬೦ ಎಂದಿತ್ತು. ನಮಗೆ ಬೇಕಾದುದು ೩೧೪೫. ನೂರೆಂಬತ್ತೈದು ಪೌಂಡು ಸಾಲದು.

ಮನೆಗೆ ಬಂದು ಆ ಕಾಗದವನ್ನು ಮತ್ತೆ ಮತ್ತೆ ತಿರುವಿದರು. ನೀರನ್ನು ಅರ್ಧ ತುಂಬಿದರೆ? ಹೊದಿಕೆ ಕಡಮೆ ಮಾಡಿದರೆ? ನಾವೂ ಕನ್ನಡಕ ಹಾಕಿಕೊಂಡು ಆ ಪಟ್ಟಿಯನ್ನು ನೋಡಿದೆವು. ಉತ್ತರ ಅದರಲ್ಲಿಯೇ ಇತ್ತು. ಕೆಳಗಿನ ಎರಡು ಸಾಲುಗಳನ್ನು ಹೊಡೆದುಹಾಕಿದರೆ ೨೬೦ ಪೌಂಡು ಇಳಿಯುತ್ತದೆ. ಗಾಡಿಗೆ ಎಪ್ಪತ್ತೈದು ಪೌಂಡು ಉಳಿತಾಯವೂ ಆಗುತ್ತದೆ. ಇದನ್ನು ಅಳಿಯಂದಿರೂ ಕಂಡಿದ್ದರೆಂಬುದರಲ್ಲಿ ಸಂದೇಹವಿಲ್ಲ. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ನಾವೇ ಹೇಳಿದೆವು: “ನಮಗೇನು, ನಾವು ಬರುವುದು ಈ ಒಂದು ಸಲ. ಗಾಡಿ ನಿಮ್ಮದು, ಹತ್ತು ವರ್ಷ ನೀವು ಮೂವರು ತಿರುಗುವಿರಿ. ನಾವಿಬ್ಬರೂ ಮನೆಯಲ್ಲಿರುತ್ತೇವೆ, ಅದನ್ನೇ ಕೊಳ್ಳಿ.”

ಹೇಳುವಾಗ ಇದು ವಿವೇಕದ ಮಾತೆಂದೇ ನಾವು ಭಾವಿಸಿದ್ದೆವು. ಆದರೆ ಸೇವೆಯಿಂದ ನಿವೃತ್ತರಾದ ಮೇಲೆ, ಮನೆಯಲ್ಲಿ ನಮ್ಮ ಪಾಲು ಹೊರುವವರ ಕಡೆಯಿಂದ ಹೊರಿಸಿಕೊಳ್ಳುವವರ ಕಡೆಗೆ ಯಾವಾಗ ಜಾರಿತೆಂಬುದು ಆ ಪಟ್ಟಿಯನ್ನು ನೋಡುವ ತನಕ ನಮಗೆ ತಿಳಿದಿರಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಮಗಳು ಕೈ ಒರಸಿಕೊಂಡು ಬಂದು, ಅಳಿಯಂದಿರ ಮುಂದಿನ ಕಾಗದವನ್ನು ಎಳೆದುಕೊಂಡು ನೋಡಿದಳು. “ಮೊದಲು ಹೊರೆ ಎಷ್ಟು ಅಂತ ಬರೆದಿದ್ದೀವಲ್ಲಪ್ಪ. ಗಾಡಿಗೆ ಸರಿಹೋಗಲಿ ಅಂತ ಈಗ ಹೊರೆ ತಿದ್ದೋದು ಯಾವ ಲೆಕ್ಕ? ಶಾಲೇಲಿ ಹೀಗೆ ಮಾಡಿದ್ದರೆ ನೀನು ಬೆಂಚಿನ ಮೇಲೆ ನಿಲ್ಲಿಸ್ತಿರಲಿಲ್ಲವೆ?” ಎಂದಳು. ಅಳಿಯಂದಿರು ಎದ್ದು ಹೋಗಿ ಮೆಸಾದವನಿಗೆ ಬೇಡವೆಂದು ಫೋನು ಮಾಡಿ ಬಂದರು.

ಮೂರನೆಯದು ದೊರೆತುದು ದಕ್ಷಿಣಕ್ಕೆ ಕಾಸಾ ಗ್ರಾಂಡೆ ಎಂಬ ಊರಿನಲ್ಲಿ, ಒಬ್ಬ ಮುದುಕನ ಮನೆಯ ಹಿತ್ತಿಲಲ್ಲಿ. ಒಂದು ಟನ್ನಿನ ವರ್ಗದ್ದು, ಉದ್ದ ತೊಟ್ಟಿ, ನಾಲ್ಕು ಬಾಗಿಲು, ಪೆಟ್ರೋಲು. ಒಂದು ಲಕ್ಷ ಮೂವತ್ತೆಂಟು ಸಾವಿರ ಮೈಲಿ ಓಡಿತ್ತು. ಬೆಲೆ ಎರಡನೆಯದಕ್ಕಿಂತ ಎರಡೂವರೆ ಸಾವಿರ ಡಾಲರು ಹೆಚ್ಚು. ರೂಪವನ್ನು ಕೇಳಬಾರದು. ಬಿಳಿಯ ಬಣ್ಣ ಬಿಸಿಲಿಗೆ ಸುಣ್ಣದಂತೆ ಪುಡಿಯೇಳುತ್ತಿತ್ತು, ಚಾಲಕನ ಮುಂದಿನ ಹಲಗೆ ಬಿರುಕುಬಿಟ್ಟಿತ್ತು. ಮೊಮ್ಮಗಳು ಮೂಗುಮುರಿದಳು.

ಆದರೆ ಅಳಿಯಂದಿರು ಚಾಪೆ ಹಾಸಿ ಅದರಡಿಯಲ್ಲಿ ಮಲಗಿ ದೀಪ ಬಿಟ್ಟು ನೋಡಿ, ಸಂತೋಷದಿಂದ ಎದ್ದು ಬಂದರು. ಅಮೆರಿಕದ ಉತ್ತರ ಭಾಗದಲ್ಲಿ ಹಿಮ ಕರಗಲೆಂದು ರಸ್ತೆಗಳಿಗೆ ಉಪ್ಪನ್ನು ಸುರಿಯುತ್ತಾರೆ. ಆ ಉಪ್ಪು ಗಾಡಿಯ ಅಡಿಯ ಚೌಕಟ್ಟನ್ನು ಗೆದ್ದಲಿನಂತೆ ತಿನ್ನುತ್ತದೆ. ಅಲ್ಲಿಯ ಗಾಡಿ ಮೇಲೆ ಎಷ್ಟೇ ಥಳಥಳಿಸಿದರೂ ಸುತ್ತಿಗೆಯಿಂದ ತಟ್ಟಿದರೆ ಕಬ್ಬಿಣ ಹಪ್ಪಳದಂತೆ ಉದುರುವುದುಂಟು. ಅರಿಜೋನಾದ ಗಾಡಿಗೆ ಬಿಸಿಲೇ ಶತ್ರು. ಬಿಸಿಲು ಬಣ್ಣವನ್ನೂ ರಬ್ಬರನ್ನೂ ತಿನ್ನುತ್ತದೆ, ಮೂಳೆಯನ್ನು ಮುಟ್ಟುವುದಿಲ್ಲ. ಟೈರುಗಳು ಹೊರಗೆ ಚೆನ್ನಾಗಿಯೇ ಕಂಡುವು. ಆದರೆ ಪ್ರತಿ ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳನ್ನು ಒತ್ತಿರುತ್ತಾರೆ, ಮೊದಲೆರಡು ವಾರ, ಕಡೆಯೆರಡು ವರ್ಷ. ಅದನ್ನು ಓದಿದರೆ ಒಂಬತ್ತು ವರ್ಷದ ಟೈರುಗಳೆಂದು ತಿಳಿಯಿತು. ಭಾರ ಹೊರುವ ಜಾತಿಯ ಹೊಸ ಟೈರುಗಳ ಬೆಲೆಯನ್ನು ಚೌಕಾಸಿಯಲ್ಲಿ ಕಳೆದರು. ಒಡೆತನದ ಪತ್ರದಲ್ಲಿ, ಅಪಘಾತದಿಂದ ಜಖಮಾಗಿ ಮತ್ತೆ ಎದ್ದ ಗಾಡಿಯೆಂಬ ಷರಾ ಇಲ್ಲವೆಂಬುದನ್ನು ನೋಡಿಕೊಂಡರು. ಗಾಡಿಯ ಹದಿನೇಳು ಅಕ್ಷರದ ಕುಲಸಂಖ್ಯೆ ಪತ್ರದಲ್ಲಿಯೂ ಗಾಜಿನ ಕೆಳಗೂ ಒಂದೇ ಇದೆಯೆಂದು ನಮ್ಮಿಂದ ಓದಿಸಿದರು. ಮಾರುವವನ ಪರಿಚಯವಿಲ್ಲದ ಒಬ್ಬ ಮಿಸ್ತ್ರಿಗೆ ಕೂಲಿ ಕೊಟ್ಟು ಪೂರಾ ಪರೀಕ್ಷೆಯನ್ನೂ ಮಾಡಿಸಿದರು.

ಈ ಗಾಡಿಯ ಬಾಗಿಲಲ್ಲಿ ಮಾತ್ರ ಹೊರೆಯ ಅಂಕೆ ಸಿಕ್ಕಲಿಲ್ಲ. ಒಟ್ಟು ತೂಕದ ಮಿತಿ ಹತ್ತು ಸಾವಿರ ಪೌಂಡನ್ನು ದಾಟಿದ ಗಾಡಿಗಳಿಗೆ ಆ ಚೀಟಿಯ ಕಟ್ಟುಪಾಡಿಲ್ಲವಂತೆ. ಒಟ್ಟು ಮಿತಿ ೧೦೯೦೦ ಎಂದಷ್ಟೇ ಇತ್ತು. ಮುದುಕನು ಬಲು ಸಜ್ಜನ. “ತೂಗಿಸಿಯೇ ನೋಡಿ” ಎಂದು ತಾನೂ ಹಿಂದೆ ಇನ್ನೊಂದು ಕಾರಿನಲ್ಲಿ ಬಂದನು. ಹೆದ್ದಾರಿಯ ಪಕ್ಕದಲ್ಲಿ ಲಾರಿಗಳು ತಂಗುವ ದೊಡ್ಡ ನಿಲ್ದಾಣಗಳಲ್ಲಿ ತೂಕದ ಕಟ್ಟೆಗಳುಂಟು; ಕೆಲವು ಡಾಲರು ಕೊಟ್ಟರೆ ಯಾರು ಬೇಕಾದರೂ ತೂಗಿಸಬಹುದು. ಮುಂದಿನ ಗಾಲಿಗಳು ಒಂದು ಹಲಗೆಯ ಮೇಲೆ, ಹಿಂದಿನವು ಇನ್ನೊಂದರ ಮೇಲೆ ನಿಲ್ಲುತ್ತವೆ. ಪೆಟ್ರೋಲು ಪೂರ್ತಿ ತುಂಬಿಸಿ, ಅಳಿಯಂದಿರೊಬ್ಬರೇ ಕುಳಿತು ತೂಗಿಸಿದರು. ಮುಂದೆ ೪೦೮೦, ಹಿಂದೆ ೨೯೪೦, ಒಟ್ಟು ೭೦೨೦. ಮಿತಿಯಲ್ಲಿ ಇದನ್ನು ಕಳೆದರೆ ೩೮೮೦. ಅಳಿಯಂದಿರ ತೂಕ ಆಗಲೇ ಸೇರಿದ್ದರಿಂದ ಇನ್ನು ಹೇರಬೇಕಾದುದು ೨೯೮೦ ಮಾತ್ರ. ಒಂಬೈನೂರು ಪೌಂಡು ಮಿಗುತ್ತದೆ. ಆ ನಿಲ್ದಾಣದ ಬಿಸಿಲಿನಲ್ಲಿಯೇ ನಿಂತು ವ್ಯಾಪಾರ ಮುಗಿಸಿದರು.

ಜನವರಿಯ ನಡುವೆ ಒಂದು ಶುಕ್ರವಾರ ಐವರೂ ಹೊರಟೆವು. ಫೀನಿಕ್ಸನ್ನು ದಾಟಿ ಪಶ್ಚಿಮಕ್ಕೆ ಹತ್ತನೆಯ ಸಂಖ್ಯೆಯ ಹೆದ್ದಾರಿ. ಮೊದಲ ಸಲ ಮನೆಯನ್ನು ಹೊತ್ತ ಗಾಡಿ ಪಕ್ಕದ ಗಾಳಿಗೆ ತುಸು ಓಲಾಡಿತು. ಅಳಿಯಂದಿರು ಅರುವತ್ತು ಮೈಲಿಯ ವೇಗವನ್ನು ಮೀರಲಿಲ್ಲ. ಊರಾಚೆ ಮತ್ತೊಂದು ತೂಕದ ಕಟ್ಟೆಯಲ್ಲಿ ನಿಲ್ಲಿಸಿದರು. ಮುಂದೆ ೪೨೬೦, ಹಿಂದೆ ೫೯೮೦, ಒಟ್ಟು ೧೦೨೪೦. ಮಿತಿಯೊಳಗೇ ಇತ್ತು, ಮುಂದಿನ ಅಚ್ಚಿನ ಮೇಲೂ ಭಾರ ಹೆಚ್ಚಿದ್ದರಿಂದ ಮುಂಭಾರವೂ ಸರಿಯಾಗಿತ್ತು. ಆದರೆ ಪಟ್ಟಿಯ ಲೆಕ್ಕಕ್ಕಿಂತ ೨೪೦ ಪೌಂಡು ಹೆಚ್ಚು. ಹಳೆಯ ಕ್ಯಾಂಪರಿನ ನಿಜವಾದ ತೂಕ ಅದರ ಕೈಪಿಡಿಯಲ್ಲಿದ್ದುದಕ್ಕಿಂತ ಬಹಳ ಹೆಚ್ಚಿರುವುದು ಸಾಮಾನ್ಯವೆಂದು ಆಮೇಲೆ ತಿಳಿಯಿತು. ಅದಲ್ಲದೆ ಅಟ್ಟದ ಕೆಳಗಿನ ಗೂಡಿನಲ್ಲಿ ಇಪ್ಪತ್ತು ಪೌಂಡು ರಾಗಿ ಹಿಟ್ಟೂ, ಒಂದು ಕಲ್ಲಿನ ಒರಳೂ ಸಿಕ್ಕಿದುವು. ಒರಳಿನ ವಿಷಯದಲ್ಲಿ ನಮ್ಮ ಮನೆಯವರು ಏನನ್ನೂ ಹೇಳಲಿಲ್ಲ. ಎರಡನೆಯ ಗಾಡಿಯನ್ನು ನಾವಿಬ್ಬರೂ ಬಿಟ್ಟು ಹತ್ತಿದ್ದರೂ ಅದು ಮಿತಿಯನ್ನು ಮೀರಿಯೇ ಹೋಗುತ್ತಿತ್ತೆಂದು ಅಳಿಯಂದಿರು ಚೀಟಿಯನ್ನು ಮಡಿಸುತ್ತ ಹೇಳಿದರು.

ಆ ಹೆದ್ದಾರಿಯ ಇಬ್ಬದಿಯ ನೋಟವನ್ನು ಏನೆಂದು ಹೇಳುವುದು! ಮಳೆಯಿಲ್ಲದ ನಾಡೆಂದರೆ ಬೋಳಾಗಿರುವುದೆಂದು ನಾವು ತಿಳಿದಿದ್ದೆವು. ಅಲ್ಲಿ ಆಳಿಗೆ ಐದಾರು ಪಟ್ಟು ಎತ್ತರದ ಸಗ್ವಾರೊ ಎಂಬ ಕಳ್ಳಿಗಳು ತೋಳುಗಳನ್ನೆತ್ತಿ ಊರ್ಧ್ವಬಾಹುಗಳಾದ ತಪಸ್ವಿಗಳಂತೆ ಗುಡ್ಡಗಳ ಮೇಲೆಲ್ಲ ನಿಂತಿದ್ದುವು. ಮಧ್ಯಾಹ್ನ ಮೂರರ ಹೊತ್ತಿಗೆ ಕ್ವಾರ್ಟ್ಸೈಟ್ ಎಂಬ ಊರನ್ನು ಸೇರಿದೆವು. ಬೇಸಿಗೆಯಲ್ಲಿ ಕೆಲವೇ ಸಾವಿರ ಜನರಿರುವ ಈ ಊರಿಗೆ, ಚಳಿಗಾಲದಲ್ಲಿ ಉತ್ತರದ ಹಿಮವನ್ನು ತಪ್ಪಿಸಿಕೊಂಡು ಮನೆಗಾಡಿಗಳವರು ಅಪಾರ ಸಂಖ್ಯೆಯಲ್ಲಿ ಬಂದು ತಂಗುತ್ತಾರೆ. ಊರ ದಕ್ಷಿಣಕ್ಕೆ ಲಾ ಪೋಸಾ ಎಂಬ ಬಯಲನ್ನು ಕೇಂದ್ರ ಸರಕಾರದ ಭೂಮಿ ಇಲಾಖೆಯವರು ಇದಕ್ಕೆಂದೇ ಬಿಟ್ಟಿದ್ದಾರೆ. ಸೆಪ್ಟೆಂಬರಿನಿಂದ ಏಪ್ರಿಲ್ ತನಕ, ಸುಂಕ ಕೊಟ್ಟು ತಿಂಗಳುಗಟ್ಟಲೆ ಇರಬಹುದು. ಅಲ್ಲಿ ಇಳಿದವರಲ್ಲಿ ಹೆಚ್ಚಿನವರು ನಮ್ಮ ಪ್ರಾಯದವರು, ಕೆಲಸದಿಂದ ನಿವೃತ್ತರಾದವರು. ಸಂಜೆ ಒಬ್ಬೊಬ್ಬರೇ ಕುರ್ಚಿ ಹಿಡಿದು ಬಂದು, ನಮ್ಮ ಬಿಳಿಯ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದಿನ ಗಾಲಿಯ ಬಳಿ ಬಗ್ಗಿ ನೋಡಿ, “ಒಳ್ಳೆಯ ಗಾಡಿ” ಎಂದು ಹೇಳಿ ಹೋದರು. ಬಣ್ಣದ ಮಾತನ್ನು ಒಬ್ಬರೂ ಎತ್ತಲಿಲ್ಲ. ರಾತ್ರಿ ಮಗಳೂ ಅಳಿಯಂದಿರೂ ಡೇರೆಯಲ್ಲಿ ಮಲಗಿದರು. ಮೊಮ್ಮಗಳು ಅಜ್ಜಿಯೊಡನೆ ಅಟ್ಟದಲ್ಲಿ, ನಾವು ಕೆಳಗೆ ಮೇಜನ್ನು ಇಳಿಸಿ ಮಾಡಿದ ಹಾಸಿಗೆಯಲ್ಲಿ. ಕಿಟಕಿಯಿಂದ ಮೃಗಶಿರಾ ನಕ್ಷತ್ರ ಕೈಗೆ ಸಿಕ್ಕುವಂತಿತ್ತು.

ಮರುದಿನ ಬೆಳಗ್ಗೆ ಊರಿನ ಸ್ಮಶಾನದಲ್ಲಿರುವ ಒಂದು ಸಮಾಧಿಯನ್ನು ನೋಡಲು ಹೋದೆವು. ಕಲ್ಲುಗಳಿಂದ ಕಟ್ಟಿದ ಚಿಕ್ಕ ಪಿರಮಿಡ್ಡು. ತುದಿಯಲ್ಲಿ ತಾಮ್ರದ ತಗಡಿನ ಒಂದು ಒಂಟೆ. ಇದು ಹಾಜಿ ಅಲಿ ಎಂಬಾತನದು. ಆ ಹೆಸರು ಇಲ್ಲಿನವರ ನಾಲಗೆಯಲ್ಲಿ ಹೊರಳದೆ ಹೈ ಜಾಲಿ ಎಂದಾಯಿತು. ರೈಲು ಬರುವುದಕ್ಕೆ ಮೊದಲು, ಈ ಮರುಭೂಮಿಯಲ್ಲಿ ಹೊರೆ ಸಾಗಿಸುವುದಕ್ಕೆ ಒಂಟೆಗಳೇ ಸರಿಯೆಂದು ಅಮೆರಿಕದ ಸೈನ್ಯದವರು ೧೮೫೬ ಮತ್ತು ೧೮೫೭ರಲ್ಲಿ ಎರಡು ಸರದಿಯಾಗಿ ಎಪ್ಪತ್ತಕ್ಕೂ ಹೆಚ್ಚು ಒಂಟೆಗಳನ್ನು ಹಡಗಿನಲ್ಲಿ ಟೆಕ್ಸಸ್ ತೀರಕ್ಕೆ ತರಿಸಿದರು. ಅವನ್ನು ನಡೆಸಲು ಬಂದವರಲ್ಲಿ ಈ ಸಿರಿಯಾದವನೂ ಒಬ್ಬ. ೧೮೫೭ರಲ್ಲಿ ಎಡ್ವರ್ಡ್ ಬೀಲ್ ಎಂಬ ಅಧಿಕಾರಿಯು ಇಪ್ಪತ್ತೈದು ಒಂಟೆಗಳೊಡನೆ ಕೊಲೊರಾಡೊ ನದಿಯ ವರೆಗೂ ಗಾಡಿರಸ್ತೆಗೆ ಅಳತೆ ಮಾಡಿ, ಒಂಟೆಗಳನ್ನು ಬಹುವಾಗಿ ಹೊಗಳಿದನು. ಆದರೆ ಅವುಗಳ ವಾಸನೆಗೇ ಕುದುರೆಗಳೂ ಹೇಸರಗತ್ತೆಗಳೂ ಬೆದರಿ ಓಡುತ್ತಿದ್ದುವು. ೧೮೬೧ರಲ್ಲಿ ಅಂತರ್ಯುದ್ಧ ಹತ್ತಿಕೊಂಡ ಬಳಿಕ ಆ ಪ್ರಯತ್ನ ನಿಂತಿತು. ಕೆಲವನ್ನು ಹರಾಜು ಹಾಕಿದರು, ಕೆಲವನ್ನು ಕಾಡಿಗೆ ಬಿಟ್ಟರು. ಹಾಜಿ ಅಲಿಯು ಈ ಸೀಮೆಯಲ್ಲಿಯೇ ಉಳಿದು ೧೯೦೨ರಲ್ಲಿ ತೀರಿಕೊಂಡನು. ಸಮಾಧಿಯ ಮೇಲಿನ ಈ ಕಟ್ಟಡವನ್ನು ೧೯೩೫ರಲ್ಲಿ ಸಂಸ್ಥಾನದ ಹೆದ್ದಾರಿ ಇಲಾಖೆಯವರು ನಿಲ್ಲಿಸಿದರು.

ಮೊಮ್ಮಗಳು ಪಿರಮಿಡ್ಡನ್ನು ಮೂರು ಸುತ್ತು ಸುತ್ತಿ ಬಂದು, “ತಾತ, ಒಂಟೆಗೆ ಬಾಗಿಲೇ ಇಲ್ಲವಲ್ಲ. ಎಷ್ಟು ಹೊರಬಹುದು ಅನ್ನೋ ಚೀಟಿ ಎಲ್ಲಿ ಅಂಟಿಸ್ತಾರೆ?” ಎಂದು ಕೇಳಿದಳು.

ಒಂಟೆಯನ್ನು ಮಂಡಿಯೂರಿಸಿ ಹೊರೆಯನ್ನು ಕಟ್ಟುತ್ತಾರೆಂದೂ, ಹೊರೆ ಹೆಚ್ಚಾದರೆ ಅದು ಅರಚುತ್ತ ಏಳದೆ ಕೂತುಬಿಡುವುದೆಂದೂ ಹೇಳಿದೆವು. ಅವಳು ಸ್ವಲ್ಪ ಹೊತ್ತು ತಾಮ್ರದ ಒಂಟೆಯನ್ನು ನೋಡುತ್ತ ನಿಂತು, ಅಜ್ಜಿಯ ಕೈ ಹಿಡಿದುಕೊಂಡು ಗಾಡಿಯ ಕಡೆಗೆ ನಡೆದಳು. ಅಳಿಯಂದಿರು ನಾಲ್ಕು ಮೂಲೆಗಳ ಬಿಗಿಯನ್ನೂ ಇನ್ನೊಮ್ಮೆ ಎಳೆದು ನೋಡುತ್ತಿದ್ದರು. ಕೊಲೊರಾಡೊ ನದಿಗೆ ಇನ್ನೂ ಇಪ್ಪತ್ತು ಮೈಲಿಯಿತ್ತು. ಸ್ನಾನಕ್ಕೆ ಅಲ್ಲಿಗೇ ಹೋಗುವುದೆಂದು ನಿಶ್ಚಯವಾಗಿತ್ತು.